ನಿವೃತ್ತಿ ಅವರಿಗೆ, ಸಿದ್ಧತೆ ನಿಮಗೂ

ಮೂವತ್ತು ವರ್ಷ ಬೆಳಗ್ಗೆ ಎಂಟು ಗಂಟೆಗೆ ಬುತ್ತಿ ಕಟ್ಟಿ ಕೊಟ್ಟ ಕೈಗೆ ಅಂದು ಕೆಲಸವಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ನಿನ್ನೆ ಸಂಜೆ ಮನೆಗೆ ಬಂದ ಯಜಮಾನರು ಇಂದು ಜಗಲಿಯಲ್ಲಿ ಪತ್ರಿಕೆ ಓದುತ್ತಾ ಕುಳಿತಿದ್ದಾರೆ. ಹತ್ತು ಗಂಟೆಗೆ ಇನ್ನೊಂದು ಚಹಾ ಕೇಳುತ್ತಾರೆ. ಅಡುಗೆ ಮನೆಗೆ ಇಣುಕಿ, ‘ಇಷ್ಟು ಎಣ್ಣೆ ಯಾಕೆ ಹಾಕ್ತೀಯಾ?’ ಎನ್ನುತ್ತಾರೆ. ಸಹೋದರಿಯರೇ, ಇದು ನಿಮ್ಮ ಮನೆಯ ಕಥೆಯೇ ಆಗಿದ್ದರೆ ನಕ್ಕುಬಿಡಿ. ಆದರೆ ನಕ್ಕು ಮುಗಿಸುವ ಮುನ್ನ ಒಂದು ಪ್ರಶ್ನೆಗೆ ಉತ್ತರಿಸಿ. ಅವರ ಪಿಂಚಣಿಯ ಕಾಗದ ಪತ್ರಗಳು ಮನೆಯಲ್ಲಿ ಎಲ್ಲಿವೆ? ಅದರಲ್ಲಿ ನಿಮ್ಮ ಹೆಸರು ಹೇಗೆ ಬರೆದಿದೆ?

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಕಷ್ಟಪಟ್ಟವರೊಬ್ಬರು ನಮ್ಮ ನೆರೆಯಲ್ಲೇ ಇದ್ದಾರೆ. ಅವರ ಪತಿ ಸರಕಾರಿ ಶಾಲೆಯ ಮಾಸ್ಟ್ರು. ಬ್ಯಾಂಕು, ಬಿಲ್ಲು, ತೆರಿಗೆ ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತಿದ್ದರು. ‘ನಿನಗ್ಯಾಕೆ ಆ ತಲೆನೋವು?’ ಎನ್ನುವುದು ಅವರ ಪ್ರೀತಿಯ ಮಾತಾಗಿತ್ತು. ನಿವೃತ್ತಿಯಾಗಿ ಐದನೇ ವರ್ಷಕ್ಕೆ ಅವರು ತೀರಿಕೊಂಡರು. ಇದ್ದತ್‌ನ ಅವಧಿಯಲ್ಲಿ ಮಗ ಕಚೇರಿಗೆ ಓಡಾಡಿದ. ಪಿಂಚಣಿ ದಾಖಲೆಯಲ್ಲಿ ತಾಯಿಯ ಹೆಸರು ಮನೆಯಲ್ಲಿ ಕರೆಯುವ ಹೆಸರಾಗಿತ್ತು, ಆಧಾರ್‌ನಲ್ಲಿ ಬೇರೆ ಇತ್ತು. ಹುಟ್ಟಿದ ದಿನಾಂಕವೂ ಹೊಂದುತ್ತಿರಲಿಲ್ಲ. ಇಬ್ಬರೂ ಒಬ್ಬರೇ ಎಂದು ರುಜುವಾತು ಮಾಡಿ ಮೊದಲ ಪಿಂಚಣಿ ಕೈಗೆ ಬರಲು ಎಂಟು ತಿಂಗಳು ಹಿಡಿಯಿತು. ಅಷ್ಟು ದಿನ ಸಕ್ಕರೆ ಕಾಯಿಲೆಯ ಔಷಧಿಗೂ ಅವರು ಮಗನ ಮುಖ ನೋಡಬೇಕಾಯಿತು. ಅವರಿಗೆ ಹಕ್ಕು ಇರಲಿಲ್ಲವೇ? ಇತ್ತು. ಕಾಗದ ಸರಿಯಿರಲಿಲ್ಲ, ಅಷ್ಟೇ.

ಒಂದೇ ಹೆಸರಿರಲಿ

ನಮ್ಮ ಹೆಣ್ಣು ಮಕ್ಕಳ ಹೆಸರುಗಳ ಪಾಡು ನಿಮಗೆ ಗೊತ್ತೇ ಇದೆ. ಶಾಲೆಯಲ್ಲಿ ಖತೀಜಾ, ಪಡಿತರ ಚೀಟಿಯಲ್ಲಿ ಖತೀಜಮ್ಮ, ಬ್ಯಾಂಕಿನಲ್ಲಿ ಕದೀಜಾ ಬಾನು. ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಪತಿಯ ಹೆಸರು. ಪತಿ ಬದುಕಿರುವಾಗ ಅವರ ಒಂದು ಅರ್ಜಿಯಿಂದ ಸರಿಯಾಗುವ ತಪ್ಪು, ಅವರ ನಂತರ ನಿಮ್ಮನ್ನು ಕಚೇರಿಯಿಂದ ಕಚೇರಿಗೆ ಅಲೆಸುತ್ತದೆ. ಆದ್ದರಿಂದ ಸೇವಾ ಪುಸ್ತಕ, ಪಿಂಚಣಿ ಆದೇಶ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಈ ನಾಲ್ಕನ್ನೂ ಒಂದು ದಿನ ಚಾಪೆಯ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ ನೋಡಿ.

ಯಾರಿಗೆ ಯಾವ ಪಿಂಚಣಿ?

ಕರ್ನಾಟಕದ ಸರಕಾರಿ ನೌಕರರ ನಿವೃತ್ತಿ ವಯಸ್ಸು 2008ರಲ್ಲಿ 58ರಿಂದ 60ಕ್ಕೇರಿತು. ಹಳೆಯ ಪದ್ಧತಿಯವರಿಗೆ ಪೂರ್ಣ ಸೇವೆಯಾಗಿದ್ದರೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ. ಅವರ ನಂತರ ಪತ್ನಿಗೆ ಸಿಗುವ ಕುಟುಂಬ ಪಿಂಚಣಿ ಸಾಮಾನ್ಯವಾಗಿ ಶೇ. 30. ಅಂದರೆ ಕೊನೆಯ ಮೂಲ ವೇತನ 60,000 ರೂಪಾಯಿ ಇದ್ದವರಿಗೆ ಪಿಂಚಣಿ 30,000, ಪತ್ನಿಗೆ 18,000. ತುಟ್ಟಿಭತ್ಯೆ ಬೇರೆ. ಇಂದಿನ ಖರ್ಚನ್ನು ಆ 18,000ದ ಮೇಲೂ ಲೆಕ್ಕ ಹಾಕಿ ನೋಡಿ.

2006ರ ಎಪ್ರಿಲ್ 1ರಿಂದ ರಾಜ್ಯ ಸರಕಾರಿ ಸೇವೆಗೆ ಸೇರಿದವರಿಗೆ ಸಾಮಾನ್ಯವಾಗಿ ಎನ್‌ಪಿಎಸ್. ಅದರಲ್ಲಿ ಕೂಡಿದ ಹಣದ ಒಂದು ಭಾಗದಿಂದ ಮಾಸಿಕ ಪಿಂಚಣಿ ಕೊಂಡುಕೊಳ್ಳಬೇಕು. ಪತಿಯ ನಂತರ ಪತ್ನಿಗೂ ಅದು ಮುಂದುವರಿಯುವುದೇ ಎಂದು ಸಹಿ ಹಾಕುವ ಮೊದಲೇ ಕೇಳಿ.

ಖಾಸಗಿ ಕೆಲಸದವರಿಗೆ ಪಿಎಫ್ ಜೊತೆ 1995ರ ಪಿಂಚಣಿ ಯೋಜನೆಯಿದೆ. ಹತ್ತು ವರ್ಷ ಸೇವೆಯಾಗಿದ್ದರೆ 58ನೇ ವಯಸ್ಸಿಗೆ ಪಿಂಚಣಿ. ಕನಿಷ್ಠ ಮೊತ್ತವನ್ನು 2014ರಲ್ಲಿ 1,000 ರೂಪಾಯಿಗೆ ನಿಗದಿಪಡಿಸಲಾಯಿತು. ಇದನ್ನು ಓದುವಾಗ ಕರಾವಳಿಯ ಎಷ್ಟೋ ತಾಯಂದಿರು ತಮ್ಮ ಬೆರಳುಗಳನ್ನು ನೋಡಿಕೊಳ್ಳಬೇಕು. ಹದಿನೈದು ಇಪ್ಪತ್ತು ವರ್ಷ ಬೀಡಿ ಕಟ್ಟಿ, ಪಿಎಫ್ ಕಡಿತವಾಗಿದ್ದರೆ ಈ ಪಿಂಚಣಿಯ ಹಕ್ಕುದಾರರು ನೀವೇ. ಮೊತ್ತ ಸಣ್ಣದಿರಬಹುದು, ಆದರೆ ಅದು ನಿಮ್ಮ ದುಡಿಮೆಯದ್ದು. ಹಳೆಯ ಪಿಎಫ್ ಚೀಟಿಗಳನ್ನು ಬಿಸಾಡಬೇಡಿ.

ಪಿಂಚಣಿ ನಿಲ್ಲದಿರಲು ವರ್ಷಕ್ಕೊಮ್ಮೆ, ಹೆಚ್ಚಿನವರಿಗೆ ನವೆಂಬರ್‌ನಲ್ಲಿ, ಜೀವಿತ ಪ್ರಮಾಣಪತ್ರ ಕೊಡಬೇಕು. 2014ರಲ್ಲಿ ಬಂದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಲ್ಲಿ ಬೆರಳಚ್ಚು ಕೊಟ್ಟರೆ ಸಾಕು. ಸವೆದ ಬೆರಳಿನ ಗುರುತು ಯಂತ್ರಕ್ಕೆ ಸಿಗದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು.

ಇನ್ನು ಗಲ್ಫ್‌ನಲ್ಲಿ ದುಡಿದು ಬಂದವರಿಗೆ ಸಿಗುವುದು ಸಾಮಾನ್ಯವಾಗಿ ಕೊನೆಯಲ್ಲಿ ಒಂದು ಇಡುಗಂಟು ಮಾತ್ರ. ತಿಂಗಳು ತಿಂಗಳು ಬರುವ ಪಿಂಚಣಿಯಿಲ್ಲ.

ಇಡುಗಂಟಿನ ಪರೀಕ್ಷೆ

ಇಡುಗಂಟು ಕೈಗೆ ಬಂದ ವಾರದಲ್ಲೇ ಮನೆಗೆ ಹಿತೈಷಿಗಳ ಸಾಲು ಬರುತ್ತದೆ. ಬಡ್ಡಿ ಬೇಡ ಎನ್ನುವ ನಮ್ಮ ಒಳ್ಳೆಯ ಮನಸ್ಸನ್ನೇ ಬಂಡವಾಳ ಮಾಡಿಕೊಳ್ಳುವವರೂ ಇದ್ದಾರೆ. ‘ಹಲಾಲ್ ಲಾಭ’ದ ಹೆಸರಿನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಹಣ ಸಂಗ್ರಹಿಸಿ 2019ರಲ್ಲಿ ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿತು. ನಿವೃತ್ತಿಯ ಹಣ, ಮಗಳ ಮದುವೆಯ ಹಣ ಎಲ್ಲವೂ ಹೋಯಿತು. ವ್ಯಾಪಾರವೆಂದರೆ ಲಾಭವೂ ಇದೆ, ನಷ್ಟವೂ ಇದೆ. ತಿಂಗಳು ತಿಂಗಳು ತಪ್ಪದೆ ಲಾಭ ಕೊಡುತ್ತೇವೆ ಎನ್ನುವವನು ಎಷ್ಟೇ ಗಡ್ಡ ಬಿಟ್ಟಿರಲಿ, ಅವನ ಲೆಕ್ಕ ಕೇಳಿ. ‘ಇದು ಗಂಡಸರ ವಿಷಯ’ ಎಂದು ಆ ದಿನ ಒಳಗೆ ಹೋಗಬೇಡಿ.

ಮನೆಯ ಬಿಲ್ಲುಗಳು

ಯಜಮಾನರು ಮನೆಯಲ್ಲಿದ್ದಾರೆಂದರೆ ಫ್ಯಾನು, ಟಿವಿ ಇಡೀ ದಿನ ತಿರುಗುತ್ತವೆ. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಫಲಾನುಭವಿಗಳು ಇಲ್ಲಿ ಎಚ್ಚರವಿರಬೇಕು. ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವೆಂದು ತಿಳಿಯಬೇಡಿ. ಹಿಂದಿನ ವರ್ಷದ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಪ್ರತಿ ಮನೆಗೂ ಮಿತಿ ಇಟ್ಟಿದ್ದಾರೆ. ಮಿತಿ ದಾಟಿದರೆ ಹೆಚ್ಚುವರಿಗೆ ಹಣ, 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ.

ಔಷಧಿಯ ಖರ್ಚು ವಯಸ್ಸಿನೊಂದಿಗೆ ಏರುತ್ತದೆ. ಬಿಪಿ, ಸಕ್ಕರೆಯ ಎಷ್ಟೋ ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ವೈದ್ಯರಲ್ಲಿ ಔಷಧಿಯ ಮೂಲ ಹೆಸರು ಬರೆಸಿಕೊಂಡು ಹೋಗಿ.

ಹಳೆಯ ಸೈಕಲು ಹೊರಗೆ ಬರಲಿ

ಹಿತ್ತಿಲಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲನ್ನು ದುರಸ್ತಿ ಮಾಡಿಸಿ ಕೊಡಿ. ಮಸೀದಿಗೆ, ಮೀನು ಮಾರುಕಟ್ಟೆಗೆ ಅದರಲ್ಲೇ ಹೋಗಲಿ. ಪೆಟ್ರೋಲು ಉಳಿಯುತ್ತದೆ, ಜಗಲಿಯ ಬೇಸರವೂ ಕಳೆಯುತ್ತದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೈಕಲಿನಲ್ಲಿ ದೇಹದ ಭಾರವನ್ನು ಸೀಟು ಹೊರುವುದರಿಂದ ಮೊಣಕಾಲಿಗೆ ಶ್ರಮ ಕಡಿಮೆ. ಪೆಡಲು ಕೆಳಗಿರುವಾಗ ಮೊಣಕಾಲು ಸ್ವಲ್ಪ ಬಾಗಿರುವಷ್ಟು ಸೀಟು ಎತ್ತರವಿರಲಿ. ಫಜ್ರ್ ನಮಾಝ್‌ಗೆ ಕತ್ತಲಲ್ಲಿ ಹೋಗುವುದಿದ್ದರೆ ಮುಂದೆ ದೀಪ, ಹಿಂದೆ ಕೆಂಪು ರಿಫ್ಲೆಕ್ಟರ್ ಬೇಕೇ ಬೇಕು. ಹೃದಯದ ತೊಂದರೆ, ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕೇಳಲಿ.

ನೀವು? ‘ಇಡೀ ದಿನ ಮನೆಯೊಳಗೆ ನಡೆಯುತ್ತಲೇ ಇರುತ್ತೇನೆ’ ಎನ್ನಬೇಡಿ. ಅಸರ್ ನಮಾಝ್ ಮುಗಿಸಿ ಅರ್ಧ ಗಂಟೆ ಇಬ್ಬರೂ ಚುರುಕಾಗಿ ನಡೆದು ಬನ್ನಿ. ಮಾತನಾಡಲು ಇಷ್ಟು ವರ್ಷ ಸಿಗದ ಸಮಯ ಈಗ ಸಿಕ್ಕಿದೆ. ಗೃಹಿಣಿಗೆ ನಿವೃತ್ತಿಯೆಂಬುದು ಇಲ್ಲ ಎನ್ನುವುದನ್ನೂ ಆ ದಾರಿಯಲ್ಲಿ ಮೆಲ್ಲಗೆ ತಿಳಿಸಿ. ಪ್ರವಾದಿ ಮುಹಮ್ಮದ್(ಸ) ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರೆಂದು ಹ.ಆಯಿಶಾ(ರ) ತಿಳಿಸಿದ್ದಾರೆ. ತರಕಾರಿ ಹೆಚ್ಚಿದರೆ ಯಾವ ಮಾಸ್ಟ್ರ ಗೌರವವೂ ಕಡಿಮೆಯಾಗದು.

ಬರೆದಿಡುವುದು ಧರ್ಮವೂ ಹೌದು

ಸಾವಿನ ಮಾತೆತ್ತಲು ಹೆಚ್ಚಿನ ಪತ್ನಿಯರು ಹಿಂಜರಿಯುತ್ತಾರೆ. ‘ನಾನು ಸಾಯಲಿ ಎಂದು ಕಾಯುತ್ತಿದ್ದಾಳೆ ಅಂದುಕೊಂಡಾರು’ ಎಂಬ ಭಯ. ಆದರೆ ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ ಯಾವುದೆಂದು ಬಲ್ಲಿರಾ? ಅದು ಅಲ್‌ಬಕರ ಅಧ್ಯಾಯದ 282ನೇ ವಚನ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕಲಿಸುವ ವಚನ! ವಸಿಯ್ಯತ್ ಮಾಡಬೇಕಾದದ್ದು ಇರುವವನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂದು ಪ್ರವಾದಿ(ಸ) ಕಲಿಸಿದ್ದಾರೆ.

ಇನ್ನೊಂದು ಗೊಂದಲವೂ ನಿವಾರಣೆಯಾಗಲಿ. ಬ್ಯಾಂಕ್ ಖಾತೆಗೆ ನಾಮಿನಿಯಾದವರು ಹಣ ಸ್ವೀಕರಿಸುವವರು ಮಾತ್ರ. ಆ ಹಣದಲ್ಲಿ ಎಲ್ಲ ವಾರಸುದಾರರಿಗೂ ಪಾಲಿದೆ. ಮೃತರಿಗೆ ಮಕ್ಕಳಿದ್ದರೆ ಪತ್ನಿಗೆ ಎಂಟನೇ ಒಂದು. ಆದರೆ ಕುಟುಂಬ ಪಿಂಚಣಿ ಹಾಗಲ್ಲ. ಅದು ಪಾಲು ಮಾಡುವ ಆಸ್ತಿಯಲ್ಲ, ನಿಯಮದಂತೆ ಪತ್ನಿಗೇ ಸಲ್ಲುತ್ತದೆ.

ಈ ಶುಕ್ರವಾರ ಒಂದು ಇನ್ನೂರು ಪುಟದ ನೋಟ್‌ಬುಕ್ ತರಿಸಿ. ಖಾತೆಗಳು, ಪಿಂಚಣಿ ಆದೇಶದ ಸಂಖ್ಯೆ, ಕೊಡಬೇಕಾದ ಸಾಲ, ಬರಬೇಕಾದ ಸಾಲ, ಝಕಾತ್‌ನ ಲೆಕ್ಕ, ಬಿಲ್ಲುಗಳ ದಿನಾಂಕ, ಎಲ್ಲವನ್ನೂ ಇಬ್ಬರೂ ಕುಳಿತು ಬರೆಯಿರಿ. ಅವರು ಹೇಳಲಿ, ನೀವು ಬರೆಯಿರಿ. ಬರೆದ ಕೈಗೆ ನೆನಪು ಹೆಚ್ಚು. ಅಲ್ಲಾಹನು ನಿಮ್ಮಿಬ್ಬರಿಗೂ ದೀರ್ಘಾಯುಷ್ಯ, ಆರೋಗ್ಯ ಕರುಣಿಸಲಿ. ಆ ನೋಟ್‌ಬುಕ್ ತುಂಬಿ ಎರಡನೆಯದು ತರುವಷ್ಟು ವರ್ಷ ಜೊತೆಯಾಗಿ ಬಾಳುವಂತಾಗಲಿ. ಆಮೀನ್.