ಬಿಡುವಿನಲ್ಲಿ ಹುಟ್ಟಿದ ನಾದ

1962ರ ಒಂದು ದಿನ. ಅಮೆರಿಕದ ಮೆಂಫಿಸ್ ನಗರದ ಹಳೆಯ ಚಿತ್ರಮಂದಿರವೊಂದರಲ್ಲಿ ನಾಲ್ವರು ವಾದ್ಯಗಾರರು ಕೆಲಸವಿಲ್ಲದೆ ಕುಳಿತಿದ್ದರು. ಬಿಲ್ಲಿ ಲೀ ರೈಲಿ ಎಂಬ ಗಾಯಕನ ಧ್ವನಿಮುದ್ರಣಕ್ಕಾಗಿ ಅವರು ಅಲ್ಲಿ ಸೇರಿದ್ದರು. ಆದರೆ ಆ ಕೆಲಸ ಮುಂದುವರಿಯಲಿಲ್ಲ. ವಾದ್ಯಗಳು ಕೈಯಲ್ಲೇ ಇದ್ದವು, ಹೊತ್ತೂ ಇತ್ತು. ನಾಲ್ವರೂ ಬೇಸರ ಕಳೆಯಲು ನಿಧಾನಗತಿಯ ಬ್ಲೂಸ್ ಒಂದನ್ನು ನುಡಿಸತೊಡಗಿದರು. ಗಾಜಿನಾಚೆಯ ಕೋಣೆಯಲ್ಲಿದ್ದ ಮಾಲೀಕ ಜಿಮ್ ಸ್ಟೀವರ್ಟ್ ಅದನ್ನು ಕೇಳಿ ಟೇಪ್ ಯಂತ್ರವನ್ನು ಚಾಲೂ ಮಾಡಿದರು.

ಹೊತ್ತು ಕಳೆಯಲು ನುಡಿಸಿದ ಆ ಆಟದಿಂದ ಶುರುವಾದದ್ದು ಕೆಲವೇ ತಿಂಗಳಲ್ಲಿ ಅಮೆರಿಕವನ್ನೆಲ್ಲ ಕುಣಿಸಿತು. ಅದು ಹೇಗೆ ಸಾಧ್ಯವಾಯಿತು ಎಂಬುದು ಸಂಗೀತಗಾರರಷ್ಟೇ ಅಲ್ಲ, ವಿದ್ಯಾರ್ಥಿಗಳೂ ತಿಳಿಯಬೇಕಾದ ಕತೆ.

ಅದು ‘ಸ್ಟ್ಯಾಕ್ಸ್’ ಎಂಬ ಧ್ವನಿಮುದ್ರಣ ಸಂಸ್ಥೆಯ ಸ್ಟುಡಿಯೊ. ಬ್ಯಾಂಕ್ ನೌಕರನಾಗಿದ್ದ ಸ್ಟೀವರ್ಟ್ ಮತ್ತು ಅವರ ಅಕ್ಕ ಎಸ್ಟೆಲ್ ಆಕ್ಸ್ಟನ್ ಸೇರಿ ಅದನ್ನು ಕಟ್ಟಿದ್ದರು. ಧ್ವನಿಮುದ್ರಣ ಯಂತ್ರ ಕೊಳ್ಳಲು ಅಕ್ಕ ತನ್ನ ಮನೆಯನ್ನೇ ಅಡವಿಟ್ಟಿದ್ದರು. ಇಬ್ಬರ ಅಡ್ಡಹೆಸರುಗಳ ಮೊದಲ ಅಕ್ಷರಗಳು ಕೂಡಿ ಸಂಸ್ಥೆಗೆ ಆ ಹೆಸರು ಬಂತು. ಚಿತ್ರಮಂದಿರದ ಇಳಿಜಾರು ನೆಲವನ್ನು ಸಮ ಮಾಡಿಸದೆ ಹಾಗೇ ಬಿಟ್ಟಿದ್ದರು. ನೆಲ ಮತ್ತು ಚಾವಣಿ ಒಂದಕ್ಕೊಂದು ಸಮಾನಾಂತರವಾಗಿಲ್ಲದಿದ್ದರೆ ಶಬ್ದದ ಅಲೆಗಳು ಪ್ರತಿಫಲಿಸುವ ಬಗೆಯೇ ಬೇರೆ. ಸ್ಟ್ಯಾಕ್ಸ್ ತಟ್ಟೆಗಳ ವಿಶಿಷ್ಟ ನಾದದಲ್ಲಿ ಆ ನೆಲಕ್ಕೂ ಒಂದು ಪಾಲುಂಟು.

ಸ್ಟುಡಿಯೊ ವಾದ್ಯಗಾರರ ಕೆಲಸ ಹೊರಗಿನವರು ಎಣಿಸಿದಷ್ಟು ಸೊಗಸಾದದ್ದಲ್ಲ. ಒಂದೇ ಹಾಡನ್ನು ಹತ್ತಾರು ಸಲ ನುಡಿಸಬೇಕು. ಈಗಿನಂತೆ ಒಬ್ಬೊಬ್ಬರದನ್ನೂ ಬೇರೆ ಬೇರೆಯಾಗಿ ಮುದ್ರಿಸಿ ಕೂಡಿಸುವ ಅನುಕೂಲ ಅಂದು ಅಲ್ಲಿರಲಿಲ್ಲ. ಗಾಯಕನೂ ವಾದ್ಯದವರೂ ಒಟ್ಟಿಗೇ ನುಡಿಸಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಹೀಗೆ ಬಿಗಿಯಾದ ಮನಸ್ಸು ಒಂದು ‘ಟೇಕ್’ಗೂ ಇನ್ನೊಂದಕ್ಕೂ ನಡುವೆ ಸಡಿಲಗೊಳ್ಳಲು ಹಂಬಲಿಸುತ್ತದೆ. ಆಗ ವಾದ್ಯಗಾರರು ಮಾಡುವುದೇನು? ವಾದ್ಯ ಕೆಳಗಿಟ್ಟು ಹೋಗುವುದಿಲ್ಲ. ಮತ್ತೆ ನುಡಿಸುತ್ತಾರೆ, ಆದರೆ ಈ ಸಲ ತಮಗಾಗಿ. ಇದಕ್ಕೆ ಅವರು ‘ಜಾಮ್’ ಎನ್ನುತ್ತಾರೆ.

ಜಾಮ್‌ಗೆ ಬ್ಲೂಸ್‌ನಷ್ಟು ಒಗ್ಗುವ ಸಂಗೀತ ಇನ್ನೊಂದಿಲ್ಲ. ಅಮೆರಿಕದ ದಕ್ಷಿಣ ಭಾಗದ ಕಪ್ಪುಜನರ ನೋವು ನಲಿವುಗಳಿಂದ ಹುಟ್ಟಿದ ಈ ಪ್ರಕಾರದ ಚೌಕಟ್ಟು ಬಹಳ ಸರಳ. ನಾಲ್ಕು ಎಣಿಕೆಯ ಹನ್ನೆರಡು ಖಂಡಗಳು ಸೇರಿದರೆ ಒಂದು ಸುತ್ತು. ನಮ್ಮ ಆವರ್ತದಂತೆಯೇ ಅದು ತಿರುತಿರುಗಿ ಬರುತ್ತದೆ. ಅದರಲ್ಲಿ ಮೂರೇ ಸ್ವರಮೇಳಗಳು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವುಗಳ ಆಧಾರ ಸ್ವರಗಳು ಷಡ್ಜ, ಶುದ್ಧ ಮಧ್ಯಮ ಮತ್ತು ಪಂಚಮ. ಮೊದಲ ನಾಲ್ಕು ಖಂಡ ಷಡ್ಜದಲ್ಲಿ, ಎರಡು ಮಧ್ಯಮದಲ್ಲಿ, ಮತ್ತೆ ಎರಡು ಷಡ್ಜದಲ್ಲಿ, ಆಮೇಲೆ ಒಂದು ಪಂಚಮ, ಒಂದು ಮಧ್ಯಮ, ಕೊನೆಯ ಎರಡರಲ್ಲಿ ಮರಳಿ ಷಡ್ಜ. ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ಸಾಮಾನ್ಯ ಲೆಕ್ಕ ಇಷ್ಟೇ. ಒಬ್ಬರನ್ನೊಬ್ಬರು ಎಂದೂ ಕಾಣದ ವಾದ್ಯಗಾರರು ಕೂಡ ಇದನ್ನು ನಂಬಿ ಒಟ್ಟಿಗೆ ನುಡಿಸಬಲ್ಲರು. ದಾರಿ ಎಲ್ಲರಿಗೂ ಗೊತ್ತಿರುವುದರಿಂದ ನಡಿಗೆಯಲ್ಲಿ ಸ್ವಾತಂತ್ರ್ಯ. ನಮ್ಮ ಸಂಗೀತದ ಮನೋಧರ್ಮಕ್ಕೂ ಇದೇ ಮಾತು ಸಲ್ಲುತ್ತದೆ: ತಾಳ ತಪ್ಪದವನೇ ಧೈರ್ಯವಾಗಿ ಸ್ವರ ಹಾಕಬಲ್ಲ.

ಅಂದಿನ ಆ ನಾಲ್ವರಲ್ಲಿ ಗಿಟಾರಿನ ಸ್ಟೀವ್ ಕ್ರಾಪರ್ ಬಿಳಿಯ. ಬಾಸ್ ಗಿಟಾರಿನ ಲೂಯಿ ಸ್ಟೈನ್‌ಬರ್ಗ್, ಡ್ರಮ್ಸ್‌ನ ಆಲ್ ಜ್ಯಾಕ್ಸನ್ ಮತ್ತು ಆರ್ಗನ್ ನುಡಿಸುತ್ತಿದ್ದ ಬುಕರ್ ಟಿ. ಜೋನ್ಸ್ ಕಪ್ಪುವರ್ಣದವರು. ಜೋನ್ಸ್‌ಗೆ ಆಗಿನ್ನೂ 17 ವರ್ಷ. ಸ್ಟೀವರ್ಟ್ ಮುದ್ರಿಸಿಕೊಂಡ ನಿಧಾನಗತಿಯ ಬ್ಲೂಸ್‌ಗೆ ‘ಬಿಹೇವ್ ಯುವರ್‌ಸೆಲ್ಫ್’ ಎಂದು ಹೆಸರಿಟ್ಟರು. ಗ್ರಾಮಫೋನ್ ತಟ್ಟೆಗೆ ಎರಡು ಮುಖ. ಇನ್ನೊಂದು ಮುಖಕ್ಕೂ ಏನಾದರೂ ಬೇಕಲ್ಲ? ಜೋನ್ಸ್ ಹಿಂದೊಮ್ಮೆ ನುಡಿಸಿದ್ದ ಒಂದು ಸ್ವರಗುಚ್ಛ ಕ್ರಾಪರ್‌ಗೆ ನೆನಪಿತ್ತು. ಅದನ್ನೇ ಹಿಡಿದು ಹನ್ನೆರಡು ಖಂಡಗಳ ಚೌಕಟ್ಟಿನಲ್ಲಿ ಇನ್ನೊಂದನ್ನು ಮುದ್ರಿಸಿದರು. ಅದೇ ‘ಗ್ರೀನ್ ಆನಿಯನ್ಸ್’, ಅಂದರೆ ಹಸಿರು ಈರುಳ್ಳಿ. ಮಾತಿಲ್ಲ, ಬರೀ ವಾದ್ಯ. ಮೂರು ನಿಮಿಷಕ್ಕಿಂತ ಕಡಿಮೆ. ರೇಡಿಯೊ ಕೇಳುಗರು ಮೆಚ್ಚಿದ್ದು ಈ ಹಿಂದಿನ ಮುಖವನ್ನೇ. 1962ರ ಸೆಪ್ಟೆಂಬರ್ ವೇಳೆಗೆ ಅದು ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಸಂಗೀತದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು.

ಜೋನ್ಸ್ ನುಡಿಸಿದ್ದು ಹ್ಯಾಮಂಡ್ ಆರ್ಗನ್. 1935ರಲ್ಲಿ ಮಾರುಕಟ್ಟೆಗೆ ಬಂದ ಈ ವಾದ್ಯ ಭೌತಶಾಸ್ತ್ರದ ಒಂದು ಪಾಠವೇ ಸರಿ. ಇದರಲ್ಲಿ ಗಾಳಿಯ ಕೊಳವೆಗಳಿಲ್ಲ. ಹಲ್ಲುಗಳಿರುವ ಲೋಹದ ಪುಟ್ಟ ಚಕ್ರಗಳನ್ನು ಮೋಟಾರು ಒಂದೇ ವೇಗದಲ್ಲಿ ತಿರುಗಿಸುತ್ತದೆ. ಪಕ್ಕದಲ್ಲಿ ತಂತಿ ಸುತ್ತಿದ ಅಯಸ್ಕಾಂತ. ಒಂದೊಂದು ಹಲ್ಲು ಹಾದುಹೋದಾಗಲೂ ಕಾಂತಕ್ಷೇತ್ರ ಏರಿಳಿದು ತಂತಿಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ. ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ವವೇ ಇದು. 16 ಹಲ್ಲಿನ ಚಕ್ರ ಸೆಕೆಂಡಿಗೆ 27.5 ಸುತ್ತು ತಿರುಗಿದರೆ ಆವೃತ್ತಿ 440 ಹರ್ಟ್ಸ್, ಗುಣಿಸಿ ನೋಡಬಹುದು.

ಈ ಹುಡುಗನ ಕೈಗೆ ಅಂಥ ಹಿಡಿತ ಒಂದೇ ದಿನದಲ್ಲಿ ಬಂದದ್ದಲ್ಲ. ತಂದೆ ಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕರು. ಹುಡುಗ ಮನೆಮನೆಗೆ ಪತ್ರಿಕೆ ಹಾಕಿ ಗಳಿಸಿದ ಹಣ ಸಂಗೀತ ಪಾಠಕ್ಕೆ ಹೋಗುತ್ತಿತ್ತು. ಶಾಲೆಯಲ್ಲಿದ್ದಾಗಲೇ, 1960ರಲ್ಲಿ, ಇದೇ ಸ್ಟುಡಿಯೊದಲ್ಲಿ ಇನ್ನೊಬ್ಬರ ಹಾಡಿಗೆ ಸ್ಯಾಕ್ಸೊಫೋನ್ ನುಡಿಸಿದ್ದ. ಬಿಡುವಿನಲ್ಲಿ ಸಲೀಸಾಗಿ ಹೊರಬಂದದ್ದು ಬಿಡುವಿಲ್ಲದೆ ಒಳಗೆ ಸೇರಿಸಿಟ್ಟದ್ದೇ.

ಮುಂದಿನ ನಡೆ ಇನ್ನೂ ಗಮನಾರ್ಹ. ತನ್ನ ತಟ್ಟೆ ದೇಶದ ತುಂಬ ಮೊಳಗುತ್ತಿದ್ದಾಗ ಜೋನ್ಸ್ ಇಂಡಿಯಾನ ವಿಶ್ವವಿದ್ಯಾಲಯಕ್ಕೆ ಸಂಗೀತ ವಿದ್ಯಾರ್ಥಿಯಾಗಿ ಸೇರಿದ. ಕೀರ್ತಿ ಕೈಗೆ ಬಂದಿರುವಾಗ ಪುಸ್ತಕ ಹಿಡಿಯುವುದೇಕೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಕಿವಿಯಿಂದ ಕಲಿತದ್ದರ ಹಿಂದಿನ ಶಾಸ್ತ್ರ ಆತನಿಗೆ ಬೇಕಾಗಿತ್ತು. ವಾರಾಂತ್ಯಗಳಲ್ಲಿ ನೂರಾರು ಕಿಲೋಮೀಟರ್ ಪ್ರಯಾಣ ಮಾಡಿ ಮೆಂಫಿಸ್‌ಗೆ ಬಂದು ನುಡಿಸಿ, ಮತ್ತೆ ತರಗತಿಗೆ ಮರಳುತ್ತಿದ್ದ. ಆತ ಇಲ್ಲದಾಗ ಐಸಾಕ್ ಹೇಸ್ ಎಂಬ ಇನ್ನೊಬ್ಬ ತರುಣ ಆ ಜಾಗದಲ್ಲಿ ಕುಳಿತದ್ದುಂಟು. ಜೋನ್ಸ್ ಪದವಿ ಪಡೆದೇ ಹೊರಬಂದ.

ಇನ್ನೊಂದು ಮಾತನ್ನು ಮರೆಯಬಾರದು. ಅಂದಿನ ಮೆಂಫಿಸ್‌ನಲ್ಲಿ ಕಪ್ಪುಜನರೂ ಬಿಳಿಯರೂ ಒಂದೇ ಹೋಟೆಲಿನಲ್ಲಿ ಕುಳಿತು ಉಣ್ಣುವುದು ಕಷ್ಟವಾಗಿತ್ತು. ಆದರೆ ಆ ಇಳಿಜಾರು ನೆಲದ ಮೇಲೆ ಅವರು ಒಟ್ಟಿಗೆ ನುಡಿಸಿದರು. ಹೊರಗೆ ಜೊತೆಯಾಗಿ ಕೂರಲು ಅವರಿಗಿದ್ದ ಕೆಲವೇ ಸ್ಥಳಗಳಲ್ಲಿ ಲೊರೇನ್ ಮೋಟೆಲ್ ಒಂದು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಲಿಯಾದದ್ದು ಅದೇ ಮೋಟೆಲಿನಲ್ಲಿ. ಜಾಮ್‌ನಲ್ಲಿ ಒಬ್ಬನು ಇನ್ನೊಬ್ಬನನ್ನು ಕೇಳಿಸಿಕೊಳ್ಳದಿದ್ದರೆ ನಾದವೇ ಕೆಡುತ್ತದೆ. ನಗರ ಕಲಿಯದಿದ್ದ ಈ ಪಾಠ ಸ್ಟುಡಿಯೊದಲ್ಲಿ ದಿನವೂ ನಡೆಯುತ್ತಿತ್ತು.

ಸ್ಟ್ಯಾಕ್ಸ್ ಸಂಸ್ಥೆ 1975ರ ಕೊನೆಯಲ್ಲಿ ದಿವಾಳಿಯಾಗಿ ಮುಚ್ಚಿತು. 1989ರಲ್ಲಿ ಕಟ್ಟಡವನ್ನೂ ಕೆಡವಿದರು. ಆದರೆ 2003ರಲ್ಲಿ ಅದೇ ನಿವೇಶನದಲ್ಲಿ ಹಳೆಯ ಕಟ್ಟಡದ ಮಾದರಿಯಲ್ಲೇ ವಸ್ತುಸಂಗ್ರಹಾಲಯವೊಂದು ಎದ್ದಿತು. ಪಕ್ಕದಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ಶಾಲೆಯೂ ಇದೆ.

ಪುಸ್ತಕ ಮುಚ್ಚಿದ ಮಗು ಮೇಜಿನ ಮೇಲೆ ತಾಳ ಹಾಕುತ್ತ, ಚಿತ್ರ ಬರೆಯುತ್ತ ಕುಳಿತರೆ ತಂದೆತಾಯಿಗಳಿಗೆ ‘ಹೊತ್ತು ಹಾಳಾಯಿತು’ ಎಂಬ ಕಳವಳ. ಗದರಿಸುವ ಮುನ್ನ ಒಂದು ಗಳಿಗೆ ಕಿವಿಗೊಟ್ಟು ಕೇಳಬಹುದು. ಗಾಜಿನಾಚೆಯ ಕೋಣೆಯಲ್ಲಿ ಕುಳಿತು ಸ್ಟೀವರ್ಟ್ ಮೊದಲು ಮಾಡಿದ್ದೂ ಅದನ್ನೇ.