ಆರು ವೋಲ್ಟಿನ ಪಾಠ

ಯಂತ್ರವು ಓಡುತ್ತಿರುವವರೆಗೆ ಅದರ ಒಳಗನ್ನು ಕುರಿತು ಯಾರೂ ಯೋಚಿಸುವುದಿಲ್ಲ. ಅದು ನಿಂತ ದಿನವೇ ನಮ್ಮ ಜ್ಞಾನದ ಪರೀಕ್ಷೆಯಾಗುತ್ತದೆ. ಆ ಪರೀಕ್ಷೆಯಲ್ಲಿ ಉತ್ತರ ಹೇಳಬಲ್ಲವನು ಅನೇಕ ವೇಳೆ ಪದವೀಧರನಾಗಿರುವುದಿಲ್ಲ. ರಸ್ತೆಯ ಮಗ್ಗುಲಲ್ಲಿ ಗೋಣಿತಟ್ಟು ಹಾಸಿಕೊಂಡು ಕುಳಿತ ಮಿಸ್ತ್ರಿಯಾಗಿರುತ್ತಾನೆ. ಅವನ ಉತ್ತರಕ್ಕೆ ಕೂಲಿ ಕೊಡುತ್ತೇವೆಯೇ ಹೊರತು ಅದನ್ನು ವಿದ್ಯೆಯೆಂದು ಎಣಿಸುವುದಿಲ್ಲ. ಇದು ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ವಿಚಾರಿಸಲು ಒಂದು ಹಳೆಯ ಮೋಟಾರ್ ಸೈಕಲ್ಲಿನ ದೃಷ್ಟಾಂತ ಸಾಕು.

ನಾನಿರುವ ಹುಲಸೂರ ಬೀದರ ಜಿಲ್ಲೆಯದು. ಮೊದಲು ಬಸವಕಲ್ಯಾಣ ತಾಲೂಕಿಗೆ ಸೇರಿದ್ದು, ಇತ್ತೀಚೆಗೆ ತಾನೇ ತಾಲೂಕು ಕೇಂದ್ರವಾದ ಊರು. ಮಹಾರಾಷ್ಟ್ರದ ಗಡಿ ಸಮೀಪವಾದ್ದರಿಂದ ಇಲ್ಲಿಯ ಸಂತೆಯಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಪ್ರಸ್ಥಭೂಮಿಯ ಈ ಸೀಮೆಯ ಚಳಿ ನಾಡಿನಲ್ಲಿ ಹೆಸರಾದದ್ದು. ಪುಷ್ಯಮಾಸದ ಮುಂಜಾವಿನಲ್ಲಿ ಶಾಲೆಗೆ ಹೊರಟ ಉಪಾಧ್ಯಾಯನಿಗೆ ಹಳೆಯ ಮೋಟಾರ್ ಸೈಕಲ್ಲು ಕೊಡುವ ಕಾಟವನ್ನು ಅನುಭವಿಸಿದವರೇ ಬಲ್ಲರು.

ನನ್ನ ಗಾಡಿಯ ಹೆಸರು ಇಲ್ಲಿ ಮುಖ್ಯವಲ್ಲ. ಆರು ವೋಲ್ಟಿನ ಬ್ಯಾಟರಿಯುಳ್ಳ ಮುದಿಗಾಡಿಗಳಿಗೆಲ್ಲ ಬರುವ ಕಾಯಿಲೆಯೇ ಅದಕ್ಕೂ ಬಂದಿತ್ತು. ಮಧ್ಯಾಹ್ನ ಒಂದೇ ಒದೆತಕ್ಕೆ ಎದ್ದು ಕೂರುವ ಎಂಜಿನ್ನು ಬೆಳಗಿನಲ್ಲಿ ಇಪ್ಪತ್ತು ಸಲ ಒದ್ದರೂ ಉಸಿರೆತ್ತುತ್ತಿರಲಿಲ್ಲ. ಪ್ಲಗ್ಗು ಹೊಸದಾಯಿತು, ಪಾಯಿಂಟು ಹೊಸದಾಯಿತು, ಕಾರ್ಬುರೇಟರು ಶುಚಿಯಾಯಿತು, ಕೊನೆಗೆ ಬ್ಯಾಟರಿಯೂ ಹೊಸದಾಯಿತು. ಗಾಡಿ ಮಾತ್ರ ತನ್ನ ಹಟ ಬಿಡಲಿಲ್ಲ.

ನಮ್ಮೂರಿನಲ್ಲಿ ಒಬ್ಬ ವೃದ್ಧ ಮಿಸ್ತ್ರಿಯಿದ್ದಾರೆ. ಅವರು ವೈರಿಂಗ್ ಕೆಲಸ ಕಲಿತದ್ದು ಬಸವಕಲ್ಯಾಣದ ಲಾರಿ ವರ್ಕ್‌ಶಾಪುಗಳಲ್ಲಿ. ಪುಣೆ–ಹೈದರಾಬಾದ್ ಹೆದ್ದಾರಿಯ ಸಮೀಪದ ಆ ಊರಿಗೆ ಶರಣರ ಊರೆಂಬ ಕೀರ್ತಿಯ ಜೊತೆಗೆ ಲಾರಿಗಳ ಊರೆಂಬ ಖ್ಯಾತಿಯೂ ಉಂಟು. ನಾನು ಕೇಳಿದೆ: “ಚಾಚಾ, ಬ್ಯಾಟರಿ ಹೊಸಾದೇ ಅದ. ಮತ್ಯಾಕ ಚಾಲೂ ಆಗವಲ್ದು?”

ಅವರು ನಕ್ಕು, “ಸರ, ಟಾಕೀದಾಗ ನೀರು ತುಂಬ್ಯಾದ, ನಳಕ್ಕ ಬರವಲ್ದು ಅಂದ್ರ ಯಾವುದು ನೋಡಬೇಕು? ಟಾಕಿ ನೋಡ್ತೀರೋ, ಪೈಪ್ ನೋಡ್ತೀರೋ?” ಎಂದರು.

ಬಳಿಕ ಎರಡು ತಂತಿ ಕಟ್ಟಿದ ಒಂದು ಚಿಕ್ಕ ಬಲ್ಬನ್ನು ತೆಗೆದರು. ಕೀಲಿ ತಿರುವಿ, ಪಾಯಿಂಟು ತೆರೆದಿರುವಂತೆ ಎಂಜಿನ್ನನ್ನು ನಿಲ್ಲಿಸಿ, ಕಾಯಿಲಿಗೆ ವಿದ್ಯುತ್ತು ಬಂದು ಸೇರುವ ಕಡೆ ಬಲ್ಬು ಹಿಡಿದರು. ಅದು ಚೆನ್ನಾಗಿಯೇ ಉರಿಯಿತು. ಎಂಜಿನ್ನನ್ನು ಸ್ವಲ್ಪ ತಿರುಗಿಸಿ ಪಾಯಿಂಟು ಮುಚ್ಚಿಕೊಳ್ಳುವಂತೆ ಮಾಡಿದರು, ಬಲ್ಬು ಮಂಕಾಯಿತು. ಆಗಲೇ ಅದನ್ನು ಬ್ಯಾಟರಿಯ ತುದಿಗೆ ಒಯ್ದು ಹಿಡಿದರೆ ಮತ್ತೆ ಪ್ರಕಾಶ. ಬ್ಯಾಟರಿಗೂ ಕಾಯಿಲಿಗೂ ನಡುವಿನ ದಾರಿಯಲ್ಲಿ ಕಳ್ಳನಿದ್ದಾನೆಂಬುದು ಸಿದ್ಧವಾಯಿತು. ಹೊರೆ ಹೊರಿಸದೆ ಅಳೆದರೆ ಈ ಕಳ್ಳ ಸಿಕ್ಕುವುದಿಲ್ಲ. ಪ್ರವಾಹ ಹರಿಯುವಾಗ ಮಾತ್ರ ಅವನು ಕದಿಯುತ್ತಾನೆ.

ಇದರ ಕಾರಣವನ್ನು ವಿದ್ಯಾರ್ಥಿಗಳಿಗೆ ತಿಳಿಯುವಂತೆ ವಿವರಿಸುತ್ತೇನೆ. ಇಂಥ ಗಾಡಿಗಳ ಕಾಯಿಲಿನಲ್ಲಿ ಎರಡು ಸುರುಳಿಗಳಿರುತ್ತವೆ. ದಪ್ಪ ತಂತಿಯ ಕೆಲವು ನೂರು ಸುತ್ತುಗಳದು ಒಂದು, ಕೂದಲಿನಷ್ಟು ತೆಳುವಾದ ತಂತಿಯ ಹಲವು ಸಾವಿರ ಸುತ್ತುಗಳದು ಇನ್ನೊಂದು. ಪಾಯಿಂಟು ಮುಚ್ಚಿದಾಗ ಬ್ಯಾಟರಿಯ ಪ್ರವಾಹ ಮೊದಲನೆಯ ಸುರುಳಿಯಲ್ಲಿ ಹರಿದು ಕಾಂತಕ್ಷೇತ್ರವನ್ನು ಕಟ್ಟುತ್ತದೆ. ಪಾಯಿಂಟು ತೆರೆದೊಡನೆ ಆ ಕ್ಷೇತ್ರ ಥಟ್ಟನೆ ಕುಸಿದು, ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡ ಹುಟ್ಟಿ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವೇ ಇದು. ಅದನ್ನು ಬ್ಯಾಟರಿಯೊಡನೆ ಹೊಂದಿಸಿ ಮೋಟಾರು ವಾಹನಕ್ಕೆ ಒಪ್ಪುವ ವ್ಯವಸ್ಥೆಯಾಗಿ ರೂಪಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅದು 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದಿತು.

ಇನ್ನು ಲೆಕ್ಕಕ್ಕೆ ಬರೋಣ. ಮೊದಲನೆಯ ಸುರುಳಿಯ ರೋಧ ಒಂದೂವರೆ ಓಮ್ ಎಂದಿಟ್ಟುಕೊಳ್ಳಿ. ಆರು ವೋಲ್ಟಿಗೆ ನಾಲ್ಕು ಆಂಪಿಯರ್ ಹರಿಯಬೇಕು. ವರ್ಷಗಳು ಕಳೆದಂತೆ ಕೀಲಿಯ ಸ್ವಿಚ್ಚು ಸವೆದು, ಕೀಲುಗಳು ತುಕ್ಕು ಹಿಡಿದು, ದಾರಿಯಲ್ಲಿ ಅರ್ಧ ಓಮಿನಷ್ಟು ರೋಧ ಹೆಚ್ಚಿತೆನ್ನಿ. ಆಗ ಹರಿಯುವುದು ಮೂರೇ ಆಂಪಿಯರ್. ಕಾಲುಭಾಗ ತಾನೇ ಹೋಯಿತು ಎಂದು ಸಮಾಧಾನಪಡುವಂತಿಲ್ಲ. ಸುರುಳಿಯಲ್ಲಿ ಕೂಡುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಹದಿನಾರು ಪಾಲಿನಲ್ಲಿ ಉಳಿಯುವುದು ಒಂಬತ್ತು ಪಾಲು ಮಾತ್ರ. ಹನ್ನೆರಡು ವೋಲ್ಟಿನ ಗಾಡಿಯಲ್ಲಿ ಮೂರು ಓಮಿನ ಸುರುಳಿಯಿದ್ದರೆ ಅದೇ ಅರ್ಧ ಓಮಿನಿಂದ ಇಷ್ಟೊಂದು ನಷ್ಟವಾಗದು. ಬಡವನ ಮನೆಯ ಸೋರಿಕೆಯಂತೆ ಆರು ವೋಲ್ಟಿಗೆ ಸಣ್ಣ ನಷ್ಟವೂ ದೊಡ್ಡದೇ. ಎಂಜಿನ್ನು ಬಿಸಿಯಿದ್ದಾಗ ಪೆಟ್ರೋಲು ಸುಲಭವಾಗಿ ಆವಿಯಾಗಿ ದುರ್ಬಲ ಕಿಡಿಗೂ ಹತ್ತಿಕೊಳ್ಳುತ್ತದೆ. ಚಳಿಯಲ್ಲಿ ಆ ರಿಯಾಯಿತಿ ಇಲ್ಲ.

ಮಿಸ್ತ್ರಿಯವರು ಮಾಡಿದ ಉಪಾಯ ಸರಳ. ರೇಡಿಯೋ ರಿಪೇರಿಯ ಅಂಗಡಿಯಿಂದ ಆರು ವೋಲ್ಟಿನ ಒಂದು ರಿಲೇ ತರಿಸಿದರು. ಗಾತ್ರದಲ್ಲಿ ಸಕ್ಕರೆಯ ಬಿಲ್ಲೆಯಷ್ಟು. ಬ್ಯಾಟರಿಯಿಂದ ಫ್ಯೂಜಿನ ಮೂಲಕ ರಿಲೇಗೆ, ರಿಲೇಯಿಂದ ಕಾಯಿಲಿಗೆ ಗಿಡ್ಡನೆಯ ದಪ್ಪ ತಂತಿ ಎಳೆದರು. ಕಾಯಿಲಿಗೆ ಬರುತ್ತಿದ್ದ ಹಳೆಯ ತಂತಿಯನ್ನು ಬಿಚ್ಚಿ ರಿಲೇಯ ಸುರುಳಿಗೆ ಕೊಟ್ಟರು. ಅದರ ಇನ್ನೊಂದು ತುದಿಯನ್ನು ಗಾಡಿಯ ಚೌಕಟ್ಟಿಗೆ ಬಿಗಿದರು. ಇನ್ನು ಮುದಿ ಸ್ವಿಚ್ಚು ಹೊರಬೇಕಾದ ಪ್ರವಾಹ ತೀರ ಅಲ್ಪ. ಅದರ ಕೆಲಸ ಅಪ್ಪಣೆ ಕೊಡುವುದು, ಭಾರ ಹೊರುವುದಲ್ಲ. ದುರ್ಬಲ ಪ್ರವಾಹದಿಂದ ಪ್ರಬಲ ಪ್ರವಾಹವನ್ನು ಆಳುವ ಈ ಯುಕ್ತಿಯನ್ನು ಜೋಸೆಫ್ ಹೆನ್ರಿ 1835ರ ಸುಮಾರಿಗೆ ತೋರಿಸಿದ್ದ. ಟೆಲಿಗ್ರಾಫಿನ ಕಾಲದಲ್ಲಿ ಅದು ಬಹುಕಾಲ ದುಡಿಯಿತು. ಫ್ಯೂಜನ್ನು ಬ್ಯಾಟರಿಯ ತೀರ ಹತ್ತಿರದಲ್ಲೇ ಇಡಬೇಕು, ತಂತಿಯು ಸೈಲೆನ್ಸರಿಗೆ ತಾಗಬಾರದು ಎಂಬ ಎರಡು ಎಚ್ಚರಿಕೆಗಳನ್ನು ಮಿಸ್ತ್ರಿಯವರು ಪದೇ ಪದೇ ಹೇಳಿದರು. ಮರುದಿನ ಬೆಳಿಗ್ಗೆ ಗಾಡಿ ಎರಡನೆಯ ಒದೆತಕ್ಕೆ ಎದ್ದಿತು.

ಇಂಥ ಉಪಾಯಗಳಿಗೆ ದೊಡ್ಡ ವಂಶಾವಳಿಯೇ ಇದೆ. ಪ್ಲಗ್ಗಿಗೆ ಮಸಿ ಹಿಡಿದಾಗ ಪ್ಲಗ್ಗಿನ ತಂತಿಯ ದಾರಿಯಲ್ಲಿ ಅಂಗಿಯ ಗುಂಡಿಯೊಂದನ್ನಿಟ್ಟು, ಅದರ ತೂತಿನ ಮೂಲಕ ಕಿಡಿ ಹಾಯುವಂತೆ ಮಾಡುವುದು ಹಳೆಯ ಕಾಲದ ಸವಾರರ ಯುಕ್ತಿ. ಮಸಿಯ ಮೂಲಕ ವಿದ್ಯುತ್ತು ಮೆಲ್ಲಗೆ ಸೋರಿಹೋಗುವುದನ್ನು ಆ ಚಿಕ್ಕ ಅಂತರ ತಡೆಯುತ್ತದೆ. ಒತ್ತಡ ಸಾಕಷ್ಟು ಏರಿದ ಮೇಲೆ ಒಮ್ಮೆಲೇ ನುಗ್ಗಗೊಡುತ್ತದೆ. ಆದರೆ ಬಯಲಿನಲ್ಲಿ ಕಿಡಿ ಹಾರುವುದರಿಂದ ಪೆಟ್ರೋಲಿನ ಬಳಿ ಇದು ಅಪಾಯಕರ. ಮನೆ ಸೇರುವಷ್ಟಕ್ಕೆ ಮಾತ್ರ ಒಪ್ಪುವ ಮದ್ದು. ಕಂಪನಿಗಳಿಗೂ ಈ ಕಷ್ಟ ತಿಳಿಯದ್ದಲ್ಲ. ಹಳೆಯ ಬುಲೆಟ್ಟುಗಳ ಸ್ವಿಚ್ಚಿನಲ್ಲಿ, ಬ್ಯಾಟರಿ ಸೋತಾಗ ಬಳಸಲೆಂದೇ ‘ತುರ್ತು’ ಸ್ಥಾನವೊಂದನ್ನು ಕೊಟ್ಟಿದ್ದರು.

ಆ ತಲೆಮಾರಿನ ಗಾಡಿಗಳಲ್ಲಿ ಕನ್ನಡ ನಾಡಿಗೆ ಅತ್ಯಂತ ಆಪ್ತವಾದದ್ದು ಮೈಸೂರಿನ ಜಾವಾ. 1929ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ ಹೆಸರು ಅದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತಯಾರಿಕೆ ಆರಂಭಿಸಿತು. 1973ರಿಂದ ಗಾಡಿಗಳು ಯೆಜ್ದಿ ಎಂಬ ಹೆಸರು ಧರಿಸಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಮುಚ್ಚಿದ ಬಳಿಕವೂ ಆ ಗಾಡಿಗಳು ಮೈಸೂರಿನಿಂದ ಬೀದರಿನವರೆಗೆ ಓಡುತ್ತಲೇ ಇವೆಯೆಂದರೆ, ಅವುಗಳ ಆಯುಸ್ಸನ್ನು ಬೆಳೆಸುತ್ತಿರುವುದು ಹೆಸರಿಲ್ಲದ ನೂರಾರು ಮಿಸ್ತ್ರಿಗಳ ಕೈಗುಣ.

ಈ ಕೈಗುಣ ಇನ್ನೆಷ್ಟು ದಿನ? 2020ರ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದ ನಂತರ ಹೊಸ ಮೋಟಾರ್ ಸೈಕಲ್ಲುಗಳಲ್ಲಿ ಪೆಟ್ರೋಲು, ಕಿಡಿ ಎರಡನ್ನೂ ಸಾಮಾನ್ಯವಾಗಿ ಮೊಹರು ಮಾಡಿದ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದು ನಡೆಸುತ್ತದೆ. ಗಾಳಿಯ ಶುದ್ಧಿಗೆ ಅದು ಬೇಕಾದದ್ದೇ. ಹೊಗೆಯುಗುಳುವ ಹಳೆಯದೇ ಲೇಸೆಂದು ನಾನು ವಾದಿಸುವುದಿಲ್ಲ. ಆದರೆ ಆ ಪೆಟ್ಟಿಗೆಯ ಮುಂದೆ ಮಿಸ್ತ್ರಿಯ ಬಲ್ಬು ಮೂಕವಾಗುತ್ತದೆ. ಕಾರಣವನ್ನು ಹುಡುಕುವ ಅಭ್ಯಾಸ ಹೋಗಿ ಭಾಗವನ್ನು ಬದಲಿಸುವ ಅಭ್ಯಾಸ ಬರುತ್ತದೆ. ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದ ವಿದ್ಯೆ ಅಕ್ಷರಕ್ಕೆ ಇಳಿಯುವ ಮೊದಲೇ ಅಳಿಯುವ ಭಯವಿದೆ.

ಮಿಸ್ತ್ರಿಯವರ ಕೈಕೆಳಗೆ ಒಬ್ಬ ಹುಡುಗನಿದ್ದಾನೆ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಅನುತ್ತೀರ್ಣನಾಗಿ ಶಾಲೆ ಬಿಟ್ಟವನು. ದಪ್ಪ ತಂತಿಯೇ ಏಕೆ ಬೇಕೆಂದು ಅವನನ್ನು ಕೇಳಿದೆ. “ಸಣ್ಣ ವೈರ್ ತಾನೇ ಕರೆಂಟ್ ಕುಡೀತದ್ರೀ ಸರ. ಉದ್ದ ಆದಷ್ಟೂ ಜಾಸ್ತಿ ಕುಡೀತದ” ಎಂದ. ತಂತಿಯ ರೋಧ ಉದ್ದಕ್ಕೆ ಅನುಲೋಮ, ಅಡ್ಡಕೊಯ್ತದ ವಿಸ್ತೀರ್ಣಕ್ಕೆ ವಿಲೋಮ ಎಂದು ನಾವು ಕಪ್ಪುಹಲಗೆಯ ಮೇಲೆ ಬರೆಯುವುದನ್ನೇ ಅವನು ತನ್ನ ಮಾತಿನಲ್ಲಿ ಹೇಳಿದ್ದ. ಪರೀಕ್ಷೆಯ ಕಾಗದ ಕೇಳಿದ್ದು ಸೂತ್ರವನ್ನು, ಅವನಲ್ಲಿದ್ದದ್ದು ಅರ್ಥ. ಎರಡಕ್ಕೂ ನಡುವಿನ ತಂತಿ ತುಕ್ಕು ಹಿಡಿದಿದ್ದರೆ ಅದನ್ನು ಉಜ್ಜಬೇಕಾದವರು ಉಪಾಧ್ಯಾಯರಾದ ನಾವು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮುಂತಾದವರು ತಮ್ಮ ಕಸುಬನ್ನು ಹೆಸರಿನ ಮುಂದೆಯೇ ಧರಿಸಿ ವಿದ್ವತ್ಸಭೆಯಲ್ಲಿ ಕುಳಿತಿದ್ದರು. ಆ ಕಲ್ಯಾಣದ ನೆರೆಯಲ್ಲೇ ಇರುವ ನಮ್ಮ ಶಾಲೆಗಳಲ್ಲಿ ಮಿಸ್ತ್ರಿಯೊಬ್ಬರಿಗೆ ಒಂದು ಗಂಟೆಯ ಪಾಠಕ್ಕೆ ಕುರ್ಚಿ ಸಿಗಬಾರದೇಕೆ? ನಮ್ಮ ಮಿಸ್ತ್ರಿಯವರು ಬರಲು ಒಪ್ಪಿದ್ದಾರೆ. ಹುಡುಗ ಪರೀಕ್ಷೆಗೆ ಮತ್ತೆ ಅರ್ಜಿ ಹಾಕಿದ್ದಾನೆ. ಸಂಜೆ ಅಂಗಡಿ ಮುಚ್ಚಿದ ಮೇಲೆ ಪುಸ್ತಕ ಹಿಡಿದು ನನ್ನ ಮನೆಗೆ ಬರುತ್ತಾನೆ. ಸೂತ್ರವನ್ನು ನಾನು ಹೇಳಿಕೊಡುತ್ತೇನೆ. ಅದು ಎಲ್ಲಿ ಕೆಲಸ ಮಾಡುತ್ತದೆಂಬುದನ್ನು ಅವನು ಹೇಳುತ್ತಾನೆ.