ತೊಂಬತ್ತರಲ್ಲೂ ಕಲಿಯುವ ಕಾಲು

ಅಜ್ಜಿಗೆ ನೀರನ್ನೂ ಕೂತಲ್ಲಿಗೇ ತಂದುಕೊಡುತ್ತೇವೆ. ಎದ್ದರೆ ಎಲ್ಲಿ ಬೀಳುತ್ತಾರೋ ಎಂಬ ಭಯ. ಆದರೆ ಕೆಲಸವಿಲ್ಲದ ಸ್ನಾಯು ಸೊರಗುತ್ತದೆ. ಎಡವಿದಾಗ ದೇಹವನ್ನು ತಡೆದು ನಿಲ್ಲಿಸಬೇಕಾದ ತೊಡೆಯೇ ಸೋತರೆ ಬೀಳುವ ಅಪಾಯ ಇನ್ನೂ ಹೆಚ್ಚು.

ಅಮೆರಿಕದ ಬಾಸ್ಟನ್‌ನಲ್ಲಿ ಡಾ. ಮಾರಿಯಾ ಫಿಯಾಟರೋನ್ ಅವರ ತಂಡ ವೃದ್ಧರ ಆರೈಕೆ ಕೇಂದ್ರವೊಂದರ 10 ಮಂದಿಗೆ ಕಾಲಿನಿಂದ ಭಾರ ಎತ್ತುವ ತರಬೇತಿ ಕೊಟ್ಟಿತು. ಅವರ ವಯಸ್ಸು 86ರಿಂದ 96! 1990ರಲ್ಲಿ ಪ್ರಕಟವಾದ ವರದಿಯಂತೆ, 8 ವಾರ ಪೂರೈಸಿದ 9 ಮಂದಿಯ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು, ಇಬ್ಬರು ಊರುಗೋಲು ಬಿಟ್ಟು ನಡೆದರು. ತೊಡೆಯ ಸ್ನಾಯು ಬೆಳೆದದ್ದು ಮಾತ್ರ ಶೇ. 9ರಷ್ಟೇ. ಹಾಗಾದರೆ ಇಷ್ಟು ಬಲ ಎಲ್ಲಿಂದ? ಹೆಚ್ಚಿನದು ನರಗಳಿಂದ: ಸುಮ್ಮನಿದ್ದ ಸ್ನಾಯುತಂತುಗಳನ್ನು ಒಟ್ಟಿಗೆ ಕೆಲಸಕ್ಕೆ ಕರೆಯುವುದನ್ನು ಅವು ಮತ್ತೆ ಕಲಿಯುತ್ತವೆ.

ಮನೆಯಲ್ಲಿ, ವೈದ್ಯರನ್ನು ಕೇಳಿಕೊಂಡು, ಗೋಡೆಗೆ ಒತ್ತಿ ಇಟ್ಟ ಕುರ್ಚಿಯಿಂದ ಎದ್ದು ಕೂರುವುದರಿಂದ ಆರಂಭಿಸಬಹುದು. ಪಕ್ಕದಲ್ಲಿ ನಿಂತಿರಿ, ನೀವೇ ಎತ್ತಬೇಡಿ.